ಮನೆಯ ಗ್ಯಾಸ್ ಲೈನಿಗೆ ಯಾವ ಪೈಪು? ಕೊಡಗಿನ ಮಳೆ, ಮಣ್ಣು, ಬರೆಗಳ ಲೆಕ್ಕದಲ್ಲಿ ಒಂದು ವಿವರಣೆ

ಮನೆಗೆ ಗ್ಯಾಸ್ ಲೈನ್ ಎಳೆಯಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಜಿಐ (ಸತು ಲೇಪಿಸಿದ ಉಕ್ಕಿನ ಪೈಪು) ಒಳ್ಳೆಯದೋ ತಾಮ್ರ ಒಳ್ಳೆಯದೋ ಎಂಬುದು. ಈ ಪ್ರಶ್ನೆಗೆ ನೇರ ಉತ್ತರವಿಲ್ಲ. ಬೀದಿಯಿಂದ ಒಲೆಯವರೆಗೆ ಬರುವ ಗ್ಯಾಸ್ ಲೈನು ಒಂದೇ ಎಂದು ಕಂಡರೂ ಅದು ಹಾದು ಬರುವ ಜಾಗಗಳು ಬೇರೆ ಬೇರೆ. ಒಂದಷ್ಟು ದೂರ ಮಣ್ಣಿನೊಳಗೆ, ಒಂದಷ್ಟು ಮಳೆ ಹೊಡೆಯುವ ಹೊರಗೋಡೆಯ ಮೇಲೆ, ಒಂದಷ್ಟು ಅಡುಗೆಮನೆಯೊಳಗೆ, ಕೊನೆಯ ಒಂದೆರಡು ಅಡಿ ಒಲೆಯ ಹಿಂದೆ. ಪ್ರತಿಯೊಂದು ಜಾಗದಲ್ಲಿಯೂ ಪೈಪಿಗೆ ಬರುವ ಕಷ್ಟ ಬೇರೆಯಾದ್ದರಿಂದ ಅಲ್ಲಲ್ಲಿಗೆ ಒಪ್ಪುವ ಪೈಪೂ ಬೇರೆ. ಕೊಡಗಿನಂಥ ಜಿಲ್ಲೆಯಲ್ಲಿ ಇದು ಇನ್ನಷ್ಟು ನಿಜ, ಏಕೆಂದರೆ ಇಲ್ಲಿ ಪೈಪನ್ನು ಹಾಳುಮಾಡುವುದು ಒಳಗೆ ಹರಿಯುವ ಗ್ಯಾಸ್ ಅಲ್ಲ, ಹೊರಗಿನ ನೀರು, ಹುಳಿ ಮಣ್ಣು ಮತ್ತು ಜಾರುವ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು.

ಕೊಡಗಿನ ಬಹುತೇಕ ಮನೆಗಳಲ್ಲಿ ಇಂದಿಗೂ ಉರಿಯುವುದು ಸಿಲಿಂಡರಿನ ಎಲ್‌ಪಿಜಿ. ಆದರೂ ಹೊಸದಾಗಿ ಮನೆ ಕಟ್ಟುವವರು ಮುಂದೆ ಕೊಳವೆ ಮೂಲಕ ನೈಸರ್ಗಿಕ ಅನಿಲ ಬಂದೀತೆಂಬ ಎಣಿಕೆಯಿಂದ ಗೋಡೆ ಎದ್ದಿರುವಾಗಲೇ ಲೈನಿಗೆ ಜಾಗ ಬಿಡಿಸುತ್ತಿದ್ದಾರೆ. ಹೋಂಸ್ಟೇ ನಡೆಸುವವರಂತೂ ಸಿಲಿಂಡರುಗಳನ್ನು ಹೊರಗೆ ಸಾಲಾಗಿ ನಿಲ್ಲಿಸಿ ಅಲ್ಲಿಂದ ಅಡುಗೆಮನೆಗೂ ಗೀಸರಿಗೂ ಪೈಪು ಎಳೆಸುವುದು ಮೊದಲಿನಿಂದಲೂ ಇದೆ. ಆದ್ದರಿಂದ ಮುಂದಿನ ವಿವರಣೆಯಲ್ಲಿ ನೈಸರ್ಗಿಕ ಅನಿಲವೇ ಮುಖ್ಯವಾದರೂ ಎಲ್‌ಪಿಜಿಗೆ ಬೇರೆಯಾಗುವ ಕಡೆ ಅದನ್ನೂ ಹೇಳಲಾಗಿದೆ.

ಮೊದಲು ಒತ್ತಡದ ವಿಷಯ. ಗ್ಯಾಸ್ ಎಂದೊಡನೆ ಒಳಗೆ ಭಾರೀ ಒತ್ತಡವಿರುತ್ತದೆಂಬ ಭಯ ಅನೇಕರಲ್ಲಿದೆ. ಊರಿನ ಮುಖ್ಯ ಕೊಳವೆಗಳಲ್ಲಿ ಒತ್ತಡ ಹೆಚ್ಚೇ ಇರುತ್ತದೆ; ಬೀದಿಯ ಪ್ಲಾಸ್ಟಿಕ್ ಕೊಳವೆಯಲ್ಲಿ ಅದು ಸಾಮಾನ್ಯವಾಗಿ 4 ಬಾರ್ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ರೆಗ್ಯುಲೇಟರುಗಳಲ್ಲಿ ಇಳಿದು ಒಲೆಗೆ ತಲುಪುವಾಗ ಭಾರತದಲ್ಲಿ ಉಳಿಯುವುದು ಕೇವಲ 21 ಮಿಲಿಬಾರ್. ಸಿಲಿಂಡರಿನ ಮನೆಬಳಕೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್. ಒಂದು ಮಿಲಿಬಾರ್ ಎಂದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಎತ್ತರದ ನೀರಿನ ಒತ್ತಡ. ನಲ್ಲಿಗಿಂತ ಐದು ಮೀಟರ್ ಮೇಲೆ ನೀರಿನ ಟ್ಯಾಂಕ್ ಇದ್ದರೆ ಆ ನಲ್ಲಿಯಲ್ಲಿರುವ ಒತ್ತಡ ಸುಮಾರು 490 ಮಿಲಿಬಾರ್, ಅಂದರೆ ಒಲೆಯ ಗ್ಯಾಸಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಮನೆಯೊಳಗೆ ಗ್ಯಾಸ್ ಪೈಪು ಒತ್ತಡಕ್ಕೆ ಒಡೆಯುವ ಮಾತೇ ಬರುವುದಿಲ್ಲ.

ಹಾಗಿದ್ದರೆ ನೀರಿಗೆ ಹಾಕುವ ಪಿವಿಸಿ ಅಥವಾ ಸಿಪಿವಿಸಿಯನ್ನೇ ಏಕೆ ಹಾಕಬಾರದು? ಕೆಲಸಗಾರನ ಬಳಿ ಪೈಪೂ ಇದೆ, ಅಂಟೂ ಇದೆ, ಖರ್ಚೂ ಕಡಿಮೆ. ಇಲ್ಲಿಯೇ ನೀರಿಗೂ ಗ್ಯಾಸಿಗೂ ಇರುವ ವ್ಯತ್ಯಾಸ ತಿಳಿಯಬೇಕು. ನೀರಿನ ಪೈಪಿನ ಜಾಯಿಂಟು ಹನಿಕ್ಕಿದರೆ ಗೋಡೆ ಒದ್ದೆಯಾಗಿ ತಾನಾಗಿ ಗೊತ್ತಾಗುತ್ತದೆ, ನಷ್ಟವೆಂದರೆ ಸುಣ್ಣಬಣ್ಣ ಮಾತ್ರ. ಗ್ಯಾಸ್ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾದಷ್ಟು ಬೆರೆತಾಗ ಒಂದು ಕಿಡಿ ಸಾಕು. ಇನ್ನೊಂದು, ಬೆಂಕಿಯ ಮಾತು. ಪಿವಿಸಿ ಸುಮಾರು 80 ಡಿಗ್ರಿ ಬಿಸಿಗೇ ಮೆತ್ತಗಾಗುತ್ತದೆ. ಅಡುಗೆಮನೆಯಲ್ಲಿ ಬೇರಾವುದೋ ಕಾರಣಕ್ಕೆ ಸಣ್ಣ ಬೆಂಕಿ ಹತ್ತಿದರೂ ಆ ಪೈಪು ಬಾಯಿ ತೆರೆದು, ಬೆಂಕಿಗೆ ತಾನೇ ಗ್ಯಾಸ್ ಉಣಿಸತೊಡಗುತ್ತದೆ. ಮೇಲಾಗಿ ಬಿಸಿಲಿಗೆ ಬಿದ್ದ ಪಿವಿಸಿ ಪೆಡಸಾಗಿ, ಏಣಿ ತಗುಲಿದರೆ ಸೀಳುತ್ತದೆ. ಆದ್ದರಿಂದ ನೀರಿಗೆಂದು ತಯಾರಾದ ಯಾವ ಪ್ಲಾಸ್ಟಿಕ್ ಪೈಪನ್ನೂ, ಅದು ಎಷ್ಟೇ ದಪ್ಪವಾಗಿರಲಿ, ಗ್ಯಾಸಿಗೆ ಹಾಕಬಾರದು. ಈ ಬಗ್ಗೆ ಚರ್ಚೆಗೆ ಅವಕಾಶವಿಲ್ಲ.

ಒಟ್ಟಿನಲ್ಲಿ ಪೈಪನ್ನು ಆರಿಸುವಾಗ ಎಷ್ಟು ಒತ್ತಡ ತಾಳೀತು ಎಂದು ನೋಡುವುದಕ್ಕಿಂತ, ಆ ಜಾಗದಲ್ಲಿ ಹತ್ತಿಪ್ಪತ್ತು ವರ್ಷ ಬಿಟ್ಟರೆ ಅದರ ಗೋಡೆಯೂ ಜಾಯಿಂಟೂ ಏನಾಗುತ್ತವೆ ಎಂದು ನೋಡಬೇಕು. ಪೈಪುಗಳ ನಡುಭಾಗ ಸೋರುವುದು ಅಪರೂಪ, ಸೋರುವುದೆಲ್ಲ ಜಾಯಿಂಟಿನಲ್ಲಿ ಇಲ್ಲವೇ ತುಕ್ಕು ಹಿಡಿದ ಕಡೆ.

ಮಣ್ಣಿನೊಳಗಿನ ಭಾಗಕ್ಕೆ ಈಗ ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ಪಾಲಿಎಥಿಲೀನ್, ಕೆಲಸಗಾರರ ಬಾಯಲ್ಲಿ ಎಂಡಿಪಿಇ ಅಥವಾ ಪಿಇ ಪೈಪು. ಹಳದಿ ಅಥವಾ ಕಿತ್ತಳೆ ಬಣ್ಣದ ಈ ಪೈಪಿನ ಮೇಲೆ ಐಎಸ್ 14885 ಎಂಬ ಮಾನದಂಡದ ಸಂಖ್ಯೆ, ಪಿಇ 80 ಅಥವಾ ಪಿಇ 100 ಎಂಬ ದರ್ಜೆ, ಅಳತೆ ಮತ್ತು ಎಸ್‌ಡಿಆರ್ ಎಂಬ ಸಂಖ್ಯೆ ಅಚ್ಚಾಗಿರುತ್ತವೆ. ಎಸ್‌ಡಿಆರ್ 11 ಎಂದರೆ ಪೈಪಿನ ಗೋಡೆಯ ದಪ್ಪ ಅದರ ಹೊರವ್ಯಾಸದ ಹನ್ನೊಂದನೆಯ ಒಂದು ಭಾಗ ಎಂದರ್ಥ. 32 ಮಿಲಿಮೀಟರ್ ಪೈಪಿನಲ್ಲಿ ಅದು ಸುಮಾರು 3 ಮಿಲಿಮೀಟರ್. ತೋಟದ ನೀರಾವರಿಗೆ ಬರುವ ಕಪ್ಪು ಪೈಪೂ ಪಾಲಿಎಥಿಲೀನೇ ಆದರೂ ಅದು ಬೇರೆ, ಇದು ಬೇರೆ. ಉಳಿದ ಕಪ್ಪು ಪೈಪಿನ ತುಂಡನ್ನು ಗ್ಯಾಸಿಗೆ ಸೇರಿಸುವ ಉಳಿತಾಯದ ಬುದ್ಧಿ ಬೇಡ.

ಕೊಡಗಿನ ಮಣ್ಣಿಗೆ ಪಿಇ ಏಕೆ ಒಪ್ಪುತ್ತದೆ ಎಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಮಣ್ಣಿನ ಹುಳಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಡಿಕೇರಿ ಸುತ್ತಿನಲ್ಲಿ ಮಣ್ಣಿನ ಸುಣ್ಣದಂಶ ತೊಳೆದುಹೋಗುತ್ತದೆ, ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಎರಚುವುದು ಇದೇ ಕಾರಣಕ್ಕೆ. ಗಿಡಕ್ಕೆ ಹುಳಿಯಾದ ಮಣ್ಣು ಜಿಐ ಪೈಪಿನ ಸತುವಿಗೂ ಶತ್ರು. ಅದರೊಂದಿಗೆ ರಸಗೊಬ್ಬರದ ಲವಣಗಳೂ ಸೇರಿದರೆ ಬರಿಯ ಜಿಐ ಪೈಪನ್ನು ತೋಟದ ಮಣ್ಣಿನಲ್ಲಿ ಹೂಳುವುದು ಹಣವನ್ನು ಹೂತಂತೆಯೇ. ಪಾಲಿಎಥಿಲೀನಿಗೆ ಈ ಹುಳಿಯೂ ಲವಣವೂ ತಟ್ಟುವುದಿಲ್ಲ.

ಎರಡನೆಯದು ನೆಲದ ಚಲನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ್ದನ್ನು ಜಿಲ್ಲೆ ಮರೆತಿಲ್ಲ. ಅಂಥ ಕುಸಿತವನ್ನು ಯಾವ ಪೈಪೂ ತಡೆಯಲಾರದು, ಅಲ್ಲಿ ಮಾತು ಮನೆಯನ್ನೇ ಕುರಿತದ್ದು. ಆದರೆ ಬರೆಯ ಅಂಚಿನಲ್ಲಿ ತುಂಬಿಸಿದ ಮಣ್ಣು ಮಳೆಗಾಲದಲ್ಲಿ ಒಂದೆರಡು ಇಂಚು ಕೂರುವುದು, ಅಂಗಳದ ಕಟ್ಟೆ ಸ್ವಲ್ಪ ವಾಲುವುದು ಇಲ್ಲಿ ಪ್ರತಿವರ್ಷದ ಸಂಗತಿ. ಇಂಥ ಸಣ್ಣ ಚಲನೆಯಲ್ಲಿ ಥ್ರೆಡ್ ಹಾಕಿದ ಉಕ್ಕಿನ ಪೈಪು ಬಾಗದೆ ಜಾಯಿಂಟಿನಲ್ಲಿ ಬಿರಿಯುತ್ತದೆ, ಪಿಇ ಪೈಪು ಬಾಗಿ ತಾಳಿಕೊಳ್ಳುತ್ತದೆ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಭೂಕಂಪವಾದಾಗ ಥ್ರೆಡ್ ಜಾಯಿಂಟಿನ ಹಳೆಯ ಉಕ್ಕಿನ ಗ್ಯಾಸ್ ಪೈಪುಗಳು ಅಪಾರ ಸಂಖ್ಯೆಯಲ್ಲಿ ಸೋರಿದವು, ಪಾಲಿಎಥಿಲೀನ್ ಪೈಪುಗಳಾದರೋ ಉಳಿದುಕೊಂಡವು. ಆ ಅನುಭವದ ನಂತರ ಅಲ್ಲಿ ಪಿಇ ಪೈಪಿನ ಮೇಲಿನ ನಂಬಿಕೆ ಗಟ್ಟಿಯಾಯಿತು.

ಪಿಇ ಪೈಪಿಗೆ ಅಂಟೂ ಇಲ್ಲ, ಥ್ರೆಡ್ಡೂ ಇಲ್ಲ. ಎಲೆಕ್ಟ್ರೋಫ್ಯೂಷನ್ ಎಂಬ ವಿಧಾನದಲ್ಲಿ, ಒಳಗೆ ತಂತಿಯ ಸುರುಳಿಯಿರುವ ಕಪ್ಲರಿಗೆ ಎರಡೂ ಪೈಪಿನ ತುದಿಗಳನ್ನು ತೂರಿಸಿ ವಿದ್ಯುತ್ ಹಾಯಿಸುತ್ತಾರೆ. ಪ್ಲಾಸ್ಟಿಕ್ ಕರಗಿ ಒಂದಾಗುತ್ತದೆ. ಇದು ಸರಿಯಾಗಬೇಕಾದರೆ ತುದಿಯ ಹೊರಪದರವನ್ನು ಕೆರೆದು ತೆಗೆಯಬೇಕು, ಒರೆಸಿ ಶುಚಿಮಾಡಬೇಕು, ಅಲುಗಾಡದಂತೆ ಹಿಡಿದು ತಣಿಯುವ ತನಕ ಮುಟ್ಟದೆ ಬಿಡಬೇಕು. ಒಂದು ಹನಿ ನೀರೋ ಮಣ್ಣಿನ ಪದರವೋ ನಡುವೆ ಸೇರಿದರೆ ಜಾಯಿಂಟು ಹೊರನೋಟಕ್ಕೆ ಚೆನ್ನಾಗಿದ್ದು ಒಳಗೆ ಹಿಡಿದಿರುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕಕ್ಕಡ ತಿಂಗಳ ಮಳೆಯಲ್ಲಂತೂ ಖಂಡಿತ, ಗುಂಡಿಯ ಮೇಲೆ ಟಾರ್ಪಾಲು ಕಟ್ಟದೆ ಈ ಕೆಲಸಕ್ಕೆ ಕೈ ಹಾಕಲು ಬಿಡಬಾರದು. ಬೇಸಿಗೆಗೆ ಮುಂದೂಡುವುದೇ ಮೇಲು.

ಹೂಳುವ ಆಳ ಸಾಮಾನ್ಯವಾಗಿ ಒಂದು ಮೀಟರ್. ತೋಟದ ಬದಿಯ ಮನೆಗಳಲ್ಲಿ ಈ ಆಳಕ್ಕೆ ನಿಯಮದ ಹೊರತಾಗಿಯೂ ಅರ್ಥವಿದೆ: ಕಾಡುಹಂದಿ ಮಣ್ಣು ಕೆದಕುತ್ತದೆ, ಹೆಗ್ಗಣ ಬಿಲ ತೋಡುತ್ತದೆ, ಗಿಡಕ್ಕೆ ಗುಂಡಿ ತೆಗೆಯುವ ಆಳು ಗುದ್ದಲಿ ಬೀಸುತ್ತಾನೆ. ಪ್ಲಾಸ್ಟಿಕ್ ಪೈಪನ್ನು ಲೋಹ ಪತ್ತೆಮಾಡುವ ಯಂತ್ರ ಕಂಡುಹಿಡಿಯಲಾರದು, ಆದ್ದರಿಂದ ಪೈಪಿನ ಮೇಲೆ ಸ್ವಲ್ಪ ಎತ್ತರದಲ್ಲಿ ಎಚ್ಚರಿಕೆಯ ಹಳದಿ ಪಟ್ಟಿಯನ್ನು ಹಾಸಿ ಮಣ್ಣು ಮುಚ್ಚಬೇಕು. ಕಲ್ಲುಚೂರು ಪೈಪಿಗೆ ಒತ್ತದಂತೆ ಸುತ್ತ ಮರಳೋ ಜರಡಿ ಹಿಡಿದ ಮಣ್ಣೋ ಬೇಕು. ಪಿಇ ಪೈಪಿನ ದೊಡ್ಡ ದೌರ್ಬಲ್ಯ ಬಿಸಿಲು ಮತ್ತು ಬೆಂಕಿ. ಅದಕ್ಕಾಗಿಯೇ ಅದು ನೆಲದಿಂದ ಮೇಲೆ ಬರಬಾರದು. ಗೋಡೆಯ ಬುಡದಲ್ಲಿ ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ಲೋಹವಿರುವ ಟ್ರಾನ್ಸಿಷನ್ ಫಿಟಿಂಗ್ ಹಾಕಿ, ಅಲ್ಲಿಂದ ಮುಂದೆ ಲೋಹದ ಪೈಪಿಗೆ ಬದಲಾಯಿಸಬೇಕು.

ಗೋಡೆ ಹತ್ತುವ ಭಾಗಕ್ಕೆ ನಮ್ಮಲ್ಲಿ ಎಲ್ಲರೂ ಬಲ್ಲ ಪೈಪು ಜಿಐ, ಅಂದರೆ ಸತು ಲೇಪಿಸಿದ ಉಕ್ಕು. ಇದರ ಮಾನದಂಡ ಐಎಸ್ 1239. ಅಂಗಡಿಯಲ್ಲಿ ಇದು ಮೂರು ದರ್ಜೆಗಳಲ್ಲಿ ಸಿಗುತ್ತದೆ, ಗುರುತು ಹಿಡಿಯಲು ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಹಗುರ ದರ್ಜೆಗೆ ಹಳದಿ, ಮಧ್ಯಮಕ್ಕೆ ನೀಲಿ, ಭಾರಿ ದರ್ಜೆಗೆ ಕೆಂಪು. ಅರ್ಧ ಇಂಚಿನ, ಅಂದರೆ 15 ಮಿಲಿಮೀಟರ್ ಪೈಪಿನಲ್ಲಿ ಮೂರರದ್ದೂ ಹೊರವ್ಯಾಸ ಒಂದೇ, 21.3 ಮಿಲಿಮೀಟರ್. ಗೋಡೆಯ ದಪ್ಪ ಮಾತ್ರ ಕ್ರಮವಾಗಿ 2.0, 2.6 ಮತ್ತು 3.2 ಮಿಲಿಮೀಟರ್. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು, ಬೆಲೆಯಲ್ಲಿ ಮಾತ್ರ ತಿಳಿಯುತ್ತದೆ, ಗ್ರಾಹಕ ಮೋಸ ಹೋಗುವುದೂ ಇಲ್ಲೇ.

ಈ ಒಂದೆರಡು ಮಿಲಿಮೀಟರಿನಿಂದ ಏನಾಗುತ್ತದೆ ಎಂದು ಕೇಳಬಹುದು. 21 ಮಿಲಿಬಾರ್ ಒತ್ತಡಕ್ಕೆ ಹಗುರ ದರ್ಜೆಯೂ ಸಾಕಲ್ಲವೇ? ನೇರ ಪೈಪಿಗೆ ಸಾಕು. ಆದರೆ ತುದಿಯಲ್ಲಿ ಡೈ ತಿರುಗಿಸಿ ಥ್ರೆಡ್ ಕೊರೆಯುವಾಗ ಅರ್ಧ ಇಂಚಿನ ಥ್ರೆಡ್ಡಿನ ಆಳವೇ ಸುಮಾರು 1.16 ಮಿಲಿಮೀಟರ್. ಹಗುರ ಪೈಪಿನ 2.0 ಮಿಲಿಮೀಟರ್ ಗೋಡೆಯಲ್ಲಿ ಅಷ್ಟನ್ನು ಕೊರೆದುಹಾಕಿದ ಮೇಲೆ ಥ್ರೆಡ್ಡಿನ ಬುಡದಲ್ಲಿ ಉಳಿಯುವ ಉಕ್ಕು ಒಂದು ಮಿಲಿಮೀಟರಿಗಿಂತ ಕಡಿಮೆ. ಭಾರಿ ದರ್ಜೆಯಲ್ಲಿ ಉಳಿಯುವುದು ಎರಡು ಮಿಲಿಮೀಟರಿನ ಆಸುಪಾಸು. ಜೊತೆಗೆ ಥ್ರೆಡ್ ಕೊರೆದ ಕಡೆ ಸತುವಿನ ಲೇಪವೂ ಹೋಗಿರುತ್ತದೆ. ಪೈಪಿನ ಅತಿ ತೆಳುವಾದ ಜಾಗವೂ ರಕ್ಷಣೆಯಿಲ್ಲದ ಜಾಗವೂ ಒಂದೇ ಆಗಿ, ಅದೇ ಜಾಗದಲ್ಲಿ ಮಳೆ ನೀರು ನಿಲ್ಲುತ್ತದೆ. ಗ್ಯಾಸಿಗೆ ಕೆಂಪು ಪಟ್ಟಿಯ ಭಾರಿ ದರ್ಜೆಯನ್ನೇ ಕೇಳಿ ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಥ್ರೆಡ್ ಜಾಯಿಂಟಿಗೆ ಹಚ್ಚುವ ವಸ್ತುವಿನಲ್ಲೂ ಎಚ್ಚರ ಬೇಕು. ನೀರಿಗೆ ನಾರು ಸುತ್ತಿ ಬಿಳಿ ಪೇಂಟು ಹಚ್ಚುವ ಹಳೆಯ ರೂಢಿಯನ್ನು ಇಲ್ಲಿಗೆ ತರಬಾರದು, ನಾರು ಒಣಗಿದಾಗ ಕುಗ್ಗುತ್ತದೆ. ಗ್ಯಾಸಿಗೆಂದೇ ಬರುವ ದಪ್ಪನೆಯ ಟೆಫ್ಲಾನ್ ಟೇಪ್ ಅಥವಾ ಗ್ಯಾಸಿಗೆ ಒಪ್ಪಿತವಾದ ಸೀಲಂಟ್ ಬೇಕು. ಇನ್ನು ಜಾಯಿಂಟು ಸ್ವಲ್ಪ ಸೋರಿದರೆ ಎಂ-ಸೀಲ್ ಮೆತ್ತಿ ಮುಗಿಸುವ ಕೆಲಸಗಾರರಿದ್ದಾರೆ. ಅಂಥ ರಿಪೇರಿಯನ್ನು ಒಪ್ಪಿಕೊಳ್ಳದೆ ಜಾಯಿಂಟನ್ನು ಬಿಚ್ಚಿಸಿ ಹೊಸದಾಗಿ ಕೂರಿಸಬೇಕು.

ಹೊರಗೋಡೆಯ ಹಳೆಯ ಜಿಐ ಲೈನೊಂದನ್ನು ಆಗಸ್ಟ್ ಕೊನೆಯಲ್ಲಿ ಹತ್ತಿರದಿಂದ ನೋಡಿದರೆ ಅದರ ಕಾಯಿಲೆ ಎಲ್ಲಿದೆಯೆಂದು ಸ್ಪಷ್ಟವಾಗಿ ಕಾಣುತ್ತದೆ. ಗಾಳಿಯಾಡುವ ನೇರ ಭಾಗ ಬೂದುಬಣ್ಣದಲ್ಲಿ ಹಾಗೆಯೇ ಇರುತ್ತದೆ. ಕ್ಲಾಂಪಿನ ಕೆಳಗೆ, ಗೋಡೆಗೆ ಒತ್ತಿಕೊಂಡ ಬದಿಯಲ್ಲಿ, ಪಾಚಿ ತುಂಬಿ ನೀರು ಆರದ ಕಡೆ ಮೊದಲು ಬಿಳಿಯ ಪುಡಿ ಏಳುತ್ತದೆ, ಅದು ಸತು ಕರಗುತ್ತಿರುವ ಗುರುತು. ಆ ಪುಡಿಯ ನಡುವೆ ಕಂದು ಚುಕ್ಕೆ ಕಂಡರೆ ಸತು ಮುಗಿದು ಉಕ್ಕಿನ ಸರದಿ ಬಂದಿದೆ ಎಂದರ್ಥ. ಗೋಡೆಯನ್ನು ತೂರುವ ಜಾಗದಲ್ಲಿ ಪೈಪಿನ ಸುತ್ತ ಸಿಮೆಂಟು ಮೆತ್ತಿದ್ದರೆ ಅಲ್ಲಿಯೂ, ಪೈಪು ಮಣ್ಣಿಗೆ ಇಳಿಯುವ ಬುಡದಲ್ಲಿಯೂ ಇದೇ ಕಥೆ. ಆದ್ದರಿಂದ ಪೈಪು ಗೋಡೆಯಿಂದ ಒಂದಿಂಚಾದರೂ ದೂರ ನಿಲ್ಲುವಂಥ ಕ್ಲಾಂಪು ಹಾಕಿಸುವುದು, ಗೋಡೆ ತೂರುವಲ್ಲಿ ದೊಡ್ಡ ಅಳತೆಯ ತೋಳುಪೈಪು ಕೂರಿಸಿ ಅದು ಹೊರಬದಿಗೆ ತುಸು ಇಳಿಜಾರಾಗಿರುವಂತೆ ನೋಡಿಕೊಳ್ಳುವುದು, ಸೂರಿನ ನೀರು ಸುರಿಯುವ ಸಾಲಿನಿಂದ ಲೈನನ್ನು ಪಕ್ಕಕ್ಕೆ ಸರಿಸುವುದು ಪೈಪಿನ ಬೆಲೆಗಿಂತ ಹೆಚ್ಚು ಮುಖ್ಯವಾದ ಸಂಗತಿಗಳು. ಹಳದಿ ಪೌಡರ್ ಕೋಟಿಂಗ್ ಇರುವ ಜಿಐ ಪೈಪು ಸಿಕ್ಕಿದರೆ ಇನ್ನೂ ಒಳ್ಳೆಯದು, ಥ್ರೆಡ್ ಕೊರೆದ ತುದಿಗಳಿಗೆ ಮಾತ್ರ ಆಮೇಲೆ ಬಣ್ಣ ಹಚ್ಚುವುದನ್ನು ಮರೆಯಬಾರದು. ಹುಳಿ ಪದಾರ್ಥ ಸತುವಿಗೆ ಆಗದು ಎಂಬುದು ಅಡುಗೆಮನೆಯ ಒಳಗೂ ಅನ್ವಯಿಸುತ್ತದೆ. ಕಾಚಂಪುಳಿ (ಹಣ್ಣಿನ ಹುಳಿರಸ) ಕುದಿಸುವ ಒಲೆಯ ಪಕ್ಕದಲ್ಲಿ ಬರಿಯ ಜಿಐ ಪೈಪು ಹಾಯದಿದ್ದರೆ ವಾಸಿ.

ಮನೆಯೊಳಗಿನ ಭಾಗಕ್ಕೆ ಜಿಐ ನಡೆಯುತ್ತದೆ, ಆದರೆ ತಾಮ್ರ ಅದಕ್ಕಿಂತ ಅಚ್ಚುಕಟ್ಟು. ತೆಳು ಕೊಳವೆ, ಕಡಿಮೆ ಜಾಯಿಂಟು, ತುಕ್ಕಿನ ಭಯವಿಲ್ಲ, ಮೂಲೆಯಲ್ಲಿ ಬಾಗಿಸಿ ಒಯ್ಯಬಹುದು. ಗ್ಯಾಸಿಗೆ ಬಳಸುವ ತಾಮ್ರದ ಕೊಳವೆಗೆ ಬಿಎಸ್ ಇಎನ್ 1057 ಎಂಬ ಮಾನದಂಡವಿದೆ. ಏಸಿಗೆ ಬರುವ ಮೆದು ಸುರುಳಿ ಕೊಳವೆಯನ್ನು ಇದರ ಬದಲಿಗೆ ಕೊಟ್ಟರೆ ಒಪ್ಪಬಾರದು. ತಾಮ್ರದಲ್ಲಿ ನಿಜವಾದ ಪ್ರಶ್ನೆ ಜಾಯಿಂಟಿನದು. ಸೀಸ ಅಥವಾ ತವರದ ಮೆದು ಬೆಸುಗೆ 180ರಿಂದ 230 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅಂದರೆ ಬೆಂಕಿ ಬಿದ್ದಾಗ ಮೊದಲು ಬಿಡುವುದು ಜಾಯಿಂಟೇ. ಬ್ರೇಜಿಂಗ್ ಎಂಬ ಗಟ್ಟಿ ಬೆಸುಗೆಗೆ 450 ಡಿಗ್ರಿಗಿಂತ ಬಹಳ ಹೆಚ್ಚಿನ ಶಾಖ ಬೇಕು, ಗ್ಯಾಸ್ ಲೈನಿಗೆ ಬೇಕಾದ್ದು ಅದೇ. ಫ್ರಿಜ್ ಮತ್ತು ಏಸಿ ರಿಪೇರಿಯವರಿಗೆ ಈ ಕೈಚಳಕ ಇರುತ್ತದೆ, ಸಾಮಾನ್ಯ ಪ್ಲಂಬರಿಗೆ ಇರಲೇಬೇಕೆಂದಿಲ್ಲ. ಕೆಲಸಗಾರ ಯಾವುದನ್ನು ಬಲ್ಲನೋ ಅದನ್ನು ನೋಡಿಕೊಂಡು ಪೈಪು ಆರಿಸುವುದರಲ್ಲಿ ತಪ್ಪಿಲ್ಲ. ಚೆನ್ನಾಗಿ ಕೂರಿಸಿದ ಜಿಐ ಅರೆಬರೆ ಬೆಸುಗೆಯ ತಾಮ್ರಕ್ಕಿಂತ ಎಷ್ಟೋ ಮೇಲು.

ಜಿಐಗೆ ತಾಮ್ರವನ್ನು ನೇರವಾಗಿ ಜೋಡಿಸಿದರೆ, ತೇವವಿರುವ ಕಡೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ಸತು ಮತ್ತು ಉಕ್ಕು ಬೇಗ ಸವೆಯುತ್ತವೆ. ನಡುವೆ ಹಿತ್ತಾಳೆಯ ಫಿಟಿಂಗ್ ಹಾಕಿ, ಜಾಯಿಂಟನ್ನು ಮಳೆ ತಾಗದ ಒಳಬದಿಯಲ್ಲಿ ಇಡುವುದು ಇದಕ್ಕೆ ಪರಿಹಾರ. ತಾಮ್ರಕ್ಕೂ ಹಿತ್ತಾಳೆಗೂ ಅಮೋನಿಯಾ ಆಗದು. ಹಾಗಾಗಿ ಕೊಟ್ಟಿಗೆಯ ಗೋಡೆಯ ಮೇಲೋ ಗೊಬ್ಬರ ದಾಸ್ತಾನಿಡುವ ಕೋಣೆಯ ಒಳಗೋ ತಾಮ್ರದ ಲೈನು ಹಾಯುವುದು ಬೇಡ.

ಇದೇ ಸಂದರ್ಭದಲ್ಲಿ ಗೋಬರ್ ಗ್ಯಾಸ್ ಬಗ್ಗೆ ಒಂದು ಮಾತು ಅಗತ್ಯ, ಏಕೆಂದರೆ ಹಸು ಸಾಕಿರುವ ತೋಟದ ಮನೆಗಳಲ್ಲಿ ಅದನ್ನೂ ಪೈಪಿನಲ್ಲಿಯೇ ಒಲೆಗೆ ತರುತ್ತಾರೆ. ಅದರಲ್ಲಿಯೂ ಉರಿಯುವ ಅಂಶ ಮೀಥೇನೇ. ಆದರೆ ಕೊಳವೆಯ ನೈಸರ್ಗಿಕ ಅನಿಲದಂತೆ ಅದು ಶುದ್ಧೀಕರಿಸಿದ್ದೂ ಅಲ್ಲ, ಒಣಗಿಸಿದ್ದೂ ಅಲ್ಲ. ಕೊಳೆತ ಮೊಟ್ಟೆಯ ವಾಸನೆ ಬರಿಸುವ ಹೈಡ್ರೋಜನ್ ಸಲ್ಫೈಡ್ ಅದರಲ್ಲಿರುತ್ತದೆ, ಅದು ತಾಮ್ರವನ್ನು ಒಳಗಿನಿಂದ ತಿಂದು ಕರಿಯ ಚಕ್ಕೆಗಳನ್ನು ಏಳಿಸುತ್ತದೆ, ಆ ಚಕ್ಕೆಗಳು ಬರ್ನರಿನ ತೂತನ್ನು ಕಟ್ಟುತ್ತವೆ. ಆದ್ದರಿಂದ ಗೋಬರ್ ಗ್ಯಾಸಿಗೆ ತಾಮ್ರ ಖಂಡಿತ ಬೇಡ. ಅದರಲ್ಲಿನ ನೀರಾವಿ ಪೈಪಿನಲ್ಲಿ ತಣಿದು ನೀರಾಗುವುದರಿಂದ ಲೈನು ಗುಂಡಿಯ ಕಡೆಗೆ ಇಳಿಜಾರಾಗಿರಬೇಕು, ತಗ್ಗಿನಲ್ಲಿ ನೀರು ಬಿಡುವ ವ್ಯವಸ್ಥೆ ಬೇಕು. ನೈಸರ್ಗಿಕ ಅನಿಲ ಬಂದಾಗ ಅದಕ್ಕೂ ಇದಕ್ಕೂ ಒಂದೇ ಲೈನನ್ನು ಬಳಸುವ ಯೋಚನೆಯನ್ನಂತೂ ಮಾಡಲೇಬಾರದು.

ಹೊಸ ಬಗೆಯ ಪೈಪುಗಳಲ್ಲಿ ಎರಡನ್ನು ಹೇಳಬೇಕು. ಒಂದು, ಅಲ್ಯೂಮಿನಿಯಂ ಹಾಳೆಯ ಒಳಗೂ ಹೊರಗೂ ಪಾಲಿಎಥಿಲೀನ್ ಇರುವ ಕಾಂಪೋಸಿಟ್ ಪೈಪು. ಗ್ಯಾಸಿಗೆಂದು ತಯಾರಾದ ಇಂಥ ಪೈಪಿಗೆ ಐಎಸ್‌ಒ 17484 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಬಿಸಿನೀರಿಗೆ ಬರುವ ಅದೇ ರೂಪದ ಪೈಪು ಗ್ಯಾಸಿಗೆ ಸಲ್ಲದು. ಬಾಗಿಸಿದರೆ ಬಾಗಿದಂತೆ ನಿಲ್ಲುತ್ತದೆ, ತುಕ್ಕು ಹಿಡಿಯುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಬೆಂಕಿಯ ಮುಂದೆ ಮಾತ್ರ ಇದು ಪ್ಲಾಸ್ಟಿಕ್ಕೇ, ಆದ್ದರಿಂದ ಬಿಸಿ ಹೆಚ್ಚಾದಾಗ ಅಥವಾ ಹರಿವು ಮಿತಿ ಮೀರಿದಾಗ ತಾನಾಗಿ ಮುಚ್ಚುವ ವಾಲ್ವಿನೊಂದಿಗೇ ಇದನ್ನು ಬಳಸುವುದು ಯೋಗ್ಯ. ಸೌದೆ ಒಲೆಯೂ ಇರುವ ಅಡುಗೆಮನೆಯಲ್ಲಿ ನಾನಾದರೆ ಇದನ್ನು ಆರಿಸುವುದಿಲ್ಲ.

ಇನ್ನೊಂದು, ಹಳದಿ ಹೊದಿಕೆಯ ಸುಕ್ಕುಗಟ್ಟಿದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ಮನೆಗಳಲ್ಲಿ ಬಹಳ ಬಳಕೆಗೆ ಬಂದ ಇದು ಹಾವಿನಂತೆ ಬಳುಕುತ್ತದೆ, ಮೂಲೆಗಳಲ್ಲಿ ಎಲ್ಬೋ ಬೇಕಾಗುವುದಿಲ್ಲ. ಆದರೆ ಇದರ ಗೋಡೆ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಮಾತ್ರ. ಮನೆಯ ಹತ್ತಿರ ಸಿಡಿಲು ಬಡಿದಾಗ ಈ ಕೊಳವೆಗೂ ಪಕ್ಕದ ಇನ್ನೊಂದು ಲೋಹಕ್ಕೂ ನಡುವೆ ಕಿಡಿ ಹಾರಿ ತೂತಾದ ಪ್ರಕರಣಗಳು ಅಲ್ಲಿ ಕಂಡುಬಂದು, ಕೊಳವೆಯನ್ನು ದಪ್ಪ ತಾಮ್ರದ ತಂತಿಯಿಂದ ಮನೆಯ ಅರ್ಥಿಂಗಿಗೆ ಜೋಡಿಸಬೇಕೆಂಬ ನಿಯಮ ಬಂತು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಿಂಚಿನ ಅಬ್ಬರ ನೋಡಿದವರಿಗೆ ಗುಡ್ಡದ ನೆತ್ತಿಯ ಒಂಟಿ ಮನೆಗೆ ಈ ಕೊಳವೆ ಏಕೆ ಅಷ್ಟು ಒಪ್ಪುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಕಲೇಬೇಕಾದರೆ ಸರಿಯಾದ ಅರ್ಥಿಂಗ್ ಮೊದಲು ಇರಬೇಕು.

ಒಲೆಯ ಹಿಂದಿನ ಕೊನೆಯ ತುಂಡು ರಬ್ಬರಿನದು. ಐಎಸ್ 9573 ಗುರುತಿರುವ, ಒಳಗೆ ಉಕ್ಕಿನ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ ಹೋಸ್ ಇಂದು ಸುಲಭವಾಗಿ ಸಿಗುತ್ತದೆ. ಇಲಿ ಕಡಿದರೂ ಅಷ್ಟು ಬೇಗ ತೂತಾಗದು. ಉದ್ದ ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗೆ ಹಾಯಬಾರದು, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಳೆಯ ಹಸಿರು ಟ್ಯೂಬು ಇನ್ನೂ ತೋಟದ ಕಾರ್ಮಿಕರ ಕೆಲವು ಲೈನ್ ಮನೆಗಳಲ್ಲಿ ಕಾಣುತ್ತದೆ, ತೋಟದ ಮಾಲೀಕರು ಈ ಚಿಕ್ಕ ಖರ್ಚನ್ನು ತಾವೇ ವಹಿಸಿಕೊಳ್ಳುವುದು ಉಚಿತ.

ಅಳತೆಯ ವಿಷಯದಲ್ಲಿ ಹೋಂಸ್ಟೇಗಳು ಎಡವುವುದು ಹೆಚ್ಚು. ಒಂದೇ ಘನಮೀಟರ್ ಅನಿಲದಲ್ಲಿ ಎಲ್‌ಪಿಜಿಗಿರುವ ಶಾಖ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು; ಆದ್ದರಿಂದ ಎಲ್‌ಪಿಜಿಗೆ ಸಾಕಾದ ಪೈಪು ನಾಳೆ ನೈಸರ್ಗಿಕ ಅನಿಲಕ್ಕೆ ಸಾಲದೆ ಹೋಗಬಹುದು. ಪೈಪಿನಲ್ಲಿ ಹರಿಯುವಾಗ ಒಂದು ಮಿಲಿಬಾರ್ ಒತ್ತಡ ಕಳೆದುಕೊಳ್ಳಬಹುದೆಂದು ಇಟ್ಟುಕೊಂಡರೆ, ಭಾರಿ ದರ್ಜೆಯ ಅರ್ಧ ಇಂಚಿನ ಜಿಐ ಪೈಪು 20 ಮೀಟರ್ ದೂರಕ್ಕೆ ಗಂಟೆಗೆ ಸುಮಾರು 1.8 ಘನಮೀಟರ್ ನೈಸರ್ಗಿಕ ಅನಿಲ ಒಯ್ಯುತ್ತದೆ. ಎರಡು ಬರ್ನರಿನ ಮನೆಯೊಲೆಗೆ ಬೇಕಾದ್ದು ಅರ್ಧ ಘನಮೀಟರಿನಷ್ಟು. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗ್ಯಾಸ್ ಗೀಸರು ಒಂದೇ 1.2 ಘನಮೀಟರ್ ಕೇಳುತ್ತದೆ. ಒಲೆ ಮತ್ತು ಒಂದು ಗೀಸರಿಗೇ ಲೆಕ್ಕ ಅಂಚಿಗೆ ಬಂತು. ಎಲ್ಬೋಗಳ ತಡೆ ಸೇರಿದರೆ, ಎರಡನೆಯ ಗೀಸರು ಹಚ್ಚಿದರೆ, ಒಲೆಯ ಜ್ವಾಲೆ ಕುಗ್ಗುತ್ತದೆ. ಮುಕ್ಕಾಲು ಇಂಚಿನ ಪೈಪು ಇದರ ಎರಡು ಪಟ್ಟಿಗೂ ಹೆಚ್ಚು ಒಯ್ಯುತ್ತದೆ, ಬೆಲೆ ಎರಡು ಪಟ್ಟಿಲ್ಲ. ಗೀಸರನ್ನು ಬಚ್ಚಲಿನೊಳಗೆ ಕೂರಿಸದೆ ಗಾಳಿಯಾಡುವ ಹೊರಗೋಡೆಗೆ ಹಾಕಬೇಕು ಎಂಬುದು ಪೈಪಿನ ವಿಷಯವಲ್ಲದಿದ್ದರೂ ಜೀವದ ವಿಷಯ. ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮೂಗಿಗೆ ತಿಳಿಯದಂತೆ ಕೊಲ್ಲುತ್ತದೆ.

ಲೈನಿನ ದಾರಿ ಗೊತ್ತುಮಾಡುವಾಗ ಯಾವ ಗ್ಯಾಸು ಎಂಬುದೂ ಮುಖ್ಯ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಅಟ್ಟದಲ್ಲಿ, ಹೆಂಚಿನ ಕೆಳಗಿನ ಮುಚ್ಚಿಗೆಯಲ್ಲಿ ಸೇರುತ್ತದೆ. ಅಲ್ಲಿ ಎತ್ತರದಲ್ಲಿ ಗಾಳಿಕಿಂಡಿ ಬೇಕು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಅದು ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಇಳಿಜಾರಿನಲ್ಲಿ ಕಟ್ಟಿದ ನಮ್ಮ ಮನೆಗಳಲ್ಲಿ ರಸ್ತೆಯ ಮಟ್ಟದಲ್ಲಿ ಸಿಲಿಂಡರು, ಅದರ ಕೆಳಗೆ ಅತಿಥಿಗಳ ಕೋಣೆ ಎಂಬ ರಚನೆ ಸಾಮಾನ್ಯ. ಸೋರಿದ ಗ್ಯಾಸು ಮೆಟ್ಟಿಲಿಳಿದು ನೇರ ಆ ಕೋಣೆಗೆ ಹೋಗುತ್ತದೆ. ಸಿಲಿಂಡರುಗಳ ಸಾಲು ಮನೆಯ ತಗ್ಗಿನ ಬದಿಯಲ್ಲಿ, ಬಾಗಿಲು ಕಿಟಕಿ ಚರಂಡಿಗಳಿಂದ ದೂರ ಇರಬೇಕು. ಎರಡೂ ಅನಿಲಗಳಿಗೆ ವಾಸನೆಗಾಗಿ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ಆದರೆ ಮುಚ್ಚಿಟ್ಟ ಕೋಣೆಯಲ್ಲಿ ಮೂಸುವವರು ಯಾರೂ ಇರುವುದಿಲ್ಲ.

ಗೋಡೆಯೊಳಗೆ ಹೂತ ಲೈನು ನೋಡಲು ಚೆಂದ, ನಂಬಲು ಕಷ್ಟ. ಹೂಳಲೇಬೇಕೆಂದರೆ ಹೂತ ಭಾಗದಲ್ಲಿ ಒಂದೂ ಜಾಯಿಂಟು ಇರಬಾರದು, ಪೈಪಿಗೆ ಹೊದಿಕೆ ಇರಬೇಕು, ದಾರಿ ನೆಟ್ಟಗೆ ಮೇಲಕ್ಕೋ ಅಡ್ಡಕ್ಕೋ ಇರಬೇಕೇ ಹೊರತು ಓರೆಯಾಗಿ ಅಲ್ಲ. ಇಲ್ಲದಿದ್ದರೆ ಮುಂದೆ ಗೋಡೆಗೆ ಪೀಚೆಕತ್ತಿಯೋ ತೋಕನ್ನೋ (ಕೋವಿ) ತೂಗುಹಾಕಲು ಮೊಳೆ ಹೊಡೆಯುವವರಿಗೆ ಪೈಪು ಎಲ್ಲಿದೆಯೆಂದು ಊಹಿಸಲಾಗದು. ತೆರೆದ ಗೋಡೆಯ ಮೇಲಿನ ಲೈನು ಕಣ್ಣಿಗೆ ಸ್ವಲ್ಪ ಅಡ್ಡ ಬಂದರೂ ಪ್ರತಿ ಜಾಯಿಂಟೂ ಕೈಗೆ ಸಿಗುತ್ತದೆ. ಎಲೆಕ್ಟ್ರಿಕ್ ವೈರಿಂಗಿನಿಂದ ಸಾಕಷ್ಟು ದೂರ, ಚಿಮಣಿಯ ಒಳಗೆ ಬಿಲ್ಕುಲ್ ಬೇಡ.

ಕೆಲಸ ಮುಗಿದ ಮೇಲೆ ಗ್ಯಾಸು ಬಿಡುವ ಮುನ್ನ ಲೈನನ್ನು ಗಾಳಿಯಿಂದಲೋ ಸಾರಜನಕದಿಂದಲೋ ಪರೀಕ್ಷಿಸಬೇಕು, ಆಮ್ಲಜನಕ ತುಂಬುವುದು ಅಪಾಯ. ತುಂಬಿ ಮುಚ್ಚಿದ ಮೇಲೆ ಮಾಪಕದ ಮುಳ್ಳು ಇಳಿಯದೆ ನಿಂತಿರಬೇಕು, ಪ್ರತಿ ಜಾಯಿಂಟಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಬೆಂಕಿಕಡ್ಡಿ ಹಿಡಿದು ನೋಡುವವನನ್ನು ಮನೆಯಿಂದ ಹೊರಗೆ ಕಳುಹಿಸಬೇಕು. ಕೊಳವೆಯ ಅನಿಲವಾದರೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ತಾಂತ್ರಿಕ ನಿಯಮಗಳಿಗೆ ಬದ್ಧವಾದ ಕಂಪನಿಯೇ ಲೈನನ್ನು ಹಾಕಿ, ಪರೀಕ್ಷಿಸಿ, ಒಲೆಯ ಜೆಟ್ಟನ್ನೂ ಬದಲಾಯಿಸಿಕೊಡುತ್ತದೆ. ಮನೆಯವರು ಮುಂಚಿತವಾಗಿ ಹಾಕಿಸಿಟ್ಟ ಪೈಪನ್ನು ಕಂಪನಿ ಒಪ್ಪಬೇಕೆಂದಿಲ್ಲ, ಆದ್ದರಿಂದ ಈಗ ಮನೆ ಕಟ್ಟುವವರು ಪೈಪು ಹೂಳುವ ಬದಲು ಗೋಡೆಗಳಲ್ಲಿ ತೋಳುಪೈಪುಗಳನ್ನು ಮಾತ್ರ ಕೂರಿಸಿ, ಅಂಗಳದಿಂದ ಅಡುಗೆಮನೆಗೆ ದಾರಿ ಬಿಟ್ಟುಕೊಂಡರೆ ಸಾಕು. ಸಿಲಿಂಡರಿನ ಲೈನು ಇರುವವರು ಗಿಲಾವು ಹಾಕುವ ಮುನ್ನ ಇಡೀ ದಾರಿಯ ಫೋಟೋ ತೆಗೆದು, ಅಳತೆ ಗುರುತು ಹಾಕಿ ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಬೇಕು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕ್ಲಾಂಪುಗಳನ್ನು ಒಂದೊಂದಾಗಿ ಸಡಿಲಿಸಿ ಅವುಗಳ ಕೆಳಗೆ ಕಂದು ಚುಕ್ಕೆ ಇದೆಯೇ ಎಂದು ನೋಡಿಸಿ, ಇದ್ದರೆ ಆ ತುಂಡನ್ನೇ ಬದಲಾಯಿಸಬೇಕು.